ಶಿವದೇವಿ ಅಕ್ಕ ಕೇಳಿಸಿಕೊಂಡ ಟಕಾರ

ಶಿವದೇವಿ ಅಕ್ಕನ ಜೊತೆ ನಾನು ನಾಲ್ಕು ವರ್ಷ ಕೆಲಸ ಮಾಡಿದೆ. ಅಷ್ಟರಲ್ಲಿ ಅವರು ನನ್ನನ್ನು ಹೊಗಳಿದ್ದು ಒಂದೇ ಸಲ. ಅದೂ ನಾನು ಮಾಡಿದ ತಪ್ಪನ್ನು ನಾಲ್ಕು ಜನರ ಮುಂದೆ ಒಪ್ಪಿಕೊಂಡದ್ದಕ್ಕೆ.

ನಮ್ಮ ಕಚೇರಿ ಹೈದರಾಬಾದಿನ ಕೊಂಡಾಪುರದ ಒಂದು ಗಾಜಿನ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಧ್ವನಿಮುದ್ರಣ ಕೇಳಿ ಟೈಪ್ ಮಾಡುವುದು ನಮ್ಮ ಕೆಲಸ. ಶುರುವಿನಲ್ಲಿ ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿಟ್ಟ ಮಾತುಗಳು ಬರುತ್ತಿದ್ದವು. ಆಮೇಲೆ ಕಂಪನಿಗಳ ಸಭೆ, ದೊಡ್ಡ ದೊಡ್ಡ ಸಮ್ಮೇಳನ, ಎಲ್ಲ ಬರತೊಡಗಿದವು. ಕಿವಿಗೆ ಹೆಡ್‌ಫೋನು, ಕಾಲಡಿಗೆ ಒಂದು ಪೆಡಲು. ಒತ್ತಿದರೆ ಧ್ವನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ನಾವು ನಲವತ್ತು ಜನರಿದ್ದೆವು, ಬಹಳಷ್ಟು ಮಂದಿ ಇಪ್ಪತ್ತೈದರ ಒಳಗಿನವರು. ನಾನು ಬೀದರಿನಿಂದ ಬಂದು ಕೂಕಟ್‌ಪಲ್ಲಿಯ ಹಾಸ್ಟೆಲಿನಲ್ಲಿದ್ದೆ. ಶಿವದೇವಿ ಅಕ್ಕನಿಗೆ ಆಗ ನಲವತ್ತಮೂರು.

ಅವರು ಚಿತ್ತಾಪುರ ತಾಲ್ಲೂಕಿನವರು. ಅಲ್ಲಿಯ ಒಂದು ಸಿಮೆಂಟ್ ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹದಿನೇಳು ವರ್ಷ ಆಪರೇಟರ್ ಆಗಿದ್ದರು. ಗೋಡೆಯ ಆಚೆ ಕಲ್ಲು ಅರೆಯುವ ಯಂತ್ರ. ಅದು ನಡೆಯುವಾಗ ಕುರ್ಚಿ ಕೂಡ ನಡುಗುತ್ತಿತ್ತಂತೆ. ಆ ಗದ್ದಲದೊಳಗೆ ಮುಂಬೈಯಿಂದ, ಕಲ್ಕತ್ತೆಯಿಂದ ಬರುವ ಟ್ರಂಕ್ ಕಾಲಿನ ಸಣ್ಣ ದನಿ ಹಿಡಿದು, ಯಾರಿಗೆ ಯಾರು ಬೇಕು ಎಂದು ತಿಳಿದು, ತಂತಿ ಜೋಡಿಸಬೇಕು. ಒಂದು ದಿನ ತಾನೇ ಜೋಡಿಸಿಕೊಳ್ಳುವ ಯಂತ್ರ ಬಂತು, ಅಕ್ಕನ ಕೆಲಸ ಹೋಯಿತು. ಅವರ ಯಜಮಾನರು ಶಿವಶರಣಪ್ಪನವರು ರೈಲ್ವೆಯಲ್ಲಿ ಸಹಾಯಕ ಸ್ಟೇಷನ್ ಮಾಸ್ಟರು. ಅವರಿಗೆ ಸಿಕಂದರಾಬಾದ್ ಕಡೆ ವರ್ಗವಾದಾಗ ಮಲ್ಕಾಜ್‌ಗಿರಿಯಲ್ಲಿ ಮನೆ ಮಾಡಿದರು. ಮೂವತ್ತಾರನೇ ವಯಸ್ಸಿನಲ್ಲಿ ಅಕ್ಕ ಕಾಲೇಜು ಹುಡುಗಿಯರ ಸಾಲಿನಲ್ಲಿ ಕುಳಿತು ಕಂಪ್ಯೂಟರ್ ಕಲಿತರು.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಓದಿದವರಿಗೆ ಈ ಕೆಲಸ ಹೇಗೆ ಸಿಕ್ಕಿತು ಎಂದು ನಾನು ಕೇಳಿದ್ದೆ. ಸಂದರ್ಶನದಲ್ಲಿ ಯಾರಿಗೂ ಅರ್ಥವಾಗದ ಒಬ್ಬ ಡಾಕ್ಟರನ ಟೇಪು ಹಾಕಿದರಂತೆ. ಅಕ್ಕ ಬರೆದುಕೊಟ್ಟ ಹಾಳೆಯಲ್ಲಿ ಕಾಗುಣಿತದ ತಪ್ಪುಗಳು ತುಂಬಾ ಇದ್ದವು. ಒಂದು ಪದವೂ ಬಿಟ್ಟುಹೋಗಿರಲಿಲ್ಲ.

ಮಲ್ಕಾಜ್‌ಗಿರಿಯಿಂದ ಸಿಕಂದರಾಬಾದಿಗೆ ಬಸ್ಸು, ಅಲ್ಲಿಂದ ಹೈಟೆಕ್ ಸಿಟಿಗೆ ಲೋಕಲ್ ರೈಲು, ಮತ್ತೆ ಶೇರ್ ಆಟೊ. ಆದರೂ ಎಲ್ಲರಿಗಿಂತ ಮೊದಲು ಅವರೇ ಬರುತ್ತಿದ್ದರು. ಏಸಿಯ ಚಳಿಗೆ ಒಂದು ಉಣ್ಣೆಯ ಸ್ವೆಟರು ಹಾಕಿ, ಚಪ್ಪಲಿ ಬಿಟ್ಟು ಬರಿಗಾಲನ್ನು ಪೆಡಲಿನ ಮೇಲಿಟ್ಟು, ಕಣ್ಣು ಮುಚ್ಚಿ ಕೂರುತ್ತಿದ್ದರು. ನಾವು ಟೈಪ್ ಮಾಡಿದ್ದನ್ನು ಮತ್ತೆ ಕೇಳಿ ತಪ್ಪು ತಿದ್ದುವ ಹೊಣೆ ಅವರದು. ಮಾತು ಕೇಳಿಸದ ಕಡೆ ನಾವು 'ಕೇಳಿಸುತ್ತಿಲ್ಲ' ಎಂದು ಗುರುತು ಹಾಕಬೇಕಿತ್ತು. ಆ ಗುರುತು ಕಂಡರೆ ಅಕ್ಕನಿಗೆ ಆಗುತ್ತಿರಲಿಲ್ಲ.

"ಎಷ್ಟು ಸಲ ಕೇಳಿದಿ?"

"ಮೂರು ಸಲ ಅಕ್ಕಾ."

"ಹತ್ತು ಸಲ ಕೇಳು. ಆಮ್ಯಾಲೆ ಬಾ."

ಮೃದುವಾಗಿ ಹೇಳುವುದು ಅವರಿಗೆ ಬರುತ್ತಿರಲಿಲ್ಲ. ಹುಡುಗಿಯರು ಬಾತ್‌ರೂಮಿಗೆ ಹೋಗಿ ಅತ್ತದ್ದುಂಟು, ನಾನೂ ಅತ್ತಿದ್ದೇನೆ. ಬೆನ್ನ ಹಿಂದೆ ನಾವು ಅವರಿಗೆ ಟ್ರಂಕ್ ಕಾಲ್ ಎಂದು ಹೆಸರಿಟ್ಟಿದ್ದೆವು.

ಎರಡು ಸಾವಿರದ ಒಂಬತ್ತರ ಜುಲೈ. ಮಳೆ ಸರಿಯಾಗಿ ಬಂದಿರಲಿಲ್ಲ, ನಮ್ಮ ಹಾಸ್ಟೆಲಿಗೆ ದಿನಾ ಟ್ಯಾಂಕರ್ ನೀರು. ಹೊರದೇಶದ ಕೆಲಸ ಕಡಿಮೆಯಾಗಿ ಸುತ್ತಲ ಕಂಪನಿಗಳಲ್ಲಿ ಜನರನ್ನು ಮನೆಗೆ ಕಳಿಸುತ್ತಿದ್ದ ಕಾಲ. ಆಗ ನಮಗೊಂದು ದೊಡ್ಡ ಕೆಲಸ ಬಂತು. ಯುರೋಪಿನ ಒಂದು ಊರಿನಲ್ಲಿ ಮೂವತ್ತು ದೇಶಗಳ ಪ್ರತಿನಿಧಿಗಳು ಐದು ದಿನ ಕೂತು ನಡೆಸಿದ ಸಭೆ. ಅದರ ಪ್ರತಿ ಮಾತನ್ನೂ ಬರೆದುಕೊಡಬೇಕಿತ್ತು.

ವಿಷಯ ಮೊದಲು ನಮಗೆ ನಗು ತರಿಸಿತು. ಭೂಮಿ ಬಿಸಿಯಾಗುತ್ತಿದೆಯಲ್ಲ, ಅದನ್ನು ತಣಿಸಲು ಆಕಾಶದ ಬಹಳ ಎತ್ತರದಲ್ಲಿ ಗಂಧಕದ ನುಣ್ಣನೆಯ ಕಣಗಳನ್ನು ಹರಡುವುದಂತೆ. ದೊಡ್ಡ ಜ್ವಾಲಾಮುಖಿ ಸಿಡಿದಾಗ ಅದರ ಮಬ್ಬು ಆಕಾಶದಲ್ಲಿ ನಿಂತು ಒಂದೆರಡು ವರ್ಷ ಬಿಸಿಲು ಕಡಿಮೆಯಾಗುತ್ತದೆ. ಅದನ್ನೇ ಮನುಷ್ಯರು ವಿಮಾನದಿಂದ ಮಾಡುವುದು. ಕೆಲವು ದೇಶಗಳು ಸೇರಿ ಸಣ್ಣದೊಂದು ಪ್ರಯೋಗ ಮಾಡಿ ನೋಡಬಹುದೇ ಎಂಬುದು ಸಭೆಯ ಪ್ರಶ್ನೆ. ಮಾತು ಕೇಳುತ್ತಾ ಹೋದಂತೆ ನಗು ನಿಂತಿತು. ನಮ್ಮ ದ್ವೀಪಗಳು ಮುಳುಗುತ್ತಿವೆ, ಕಾಯಲು ಸಮಯವಿಲ್ಲ, ಏನಾದರೂ ಮಾಡಿ ಎಂದು ಒಬ್ಬರು ನಡುಗುವ ದನಿಯಲ್ಲಿ ಹೇಳಿದರು. ಇನ್ನೂರು ವರ್ಷ ಕಲ್ಲಿದ್ದಲು ಸುಟ್ಟವರೇ ಈಗ ಸೂರ್ಯನ ಸ್ವಿಚ್ಚನ್ನೂ ತಮ್ಮ ಕೈಲಿಟ್ಟುಕೊಳ್ಳುತ್ತಾರೆಯೇ ಎಂದು ಇನ್ನೊಬ್ಬರು ಕೇಳಿದರು. ಒಂದು ಕಡೆ ಕಣ ಹರಡಿದರೆ ಇನ್ನೊಂದು ಕಡೆ ಮಳೆ ತಪ್ಪಬಹುದು, ತಪ್ಪಿದರೆ ಯಾರನ್ನು ಕೇಳಬೇಕು ಎಂಬುದಕ್ಕೆ ಯಾರ ಹತ್ತಿರವೂ ಉತ್ತರವಿರಲಿಲ್ಲ.

ದೇಶಗಳ ಹೆಸರು ಹೇಳದೆ ಅಕ್ಕ ಈ ವಿಷಯವನ್ನು ಮನೆಯಲ್ಲಿ ಶಿವಶರಣಪ್ಪನವರ ಮುಂದೆ ಇಟ್ಟರಂತೆ. ಮರುದಿನ ಊಟದ ಹೊತ್ತಿನಲ್ಲಿ ನನಗೆ ಹೇಳಿದರು.

"ನಮ್ಮವ್ರು ಏನಂದ್ರು ಗೊತ್ತೈತಿ? ಈ ಸ್ಟೇಷನ್ನಿನಿಂದ ಆ ಸ್ಟೇಷನ್ನಿಗೆ ಗಾಡಿ ಬಿಡಬೇಕಂದ್ರ ಆ ಕಡಿ ಮಾಸ್ತರ್ ಲೈನ್ ಕ್ಲಿಯರ್ ಕೊಡಬೇಕು. ಅಂವ ಕೊಡಲಿಲ್ಲಂದ್ರ ಎಂಥಾ ದೊಡ್ಡ ಗಾಡಿ ಇದ್ರೂ ನಿಲ್ಲಬೇಕು. ಹಂಗ ಆಕಾಶಕ್ಕ ಲೈನ್ ಕ್ಲಿಯರ್ ಕೊಡಾವ್ರು ಯಾರು ಅಂತ ಕೇಳಿದ್ರು."

"ನೀವೇನಂದ್ರಿ?"

"ಅದನ್ನ ಗೊತ್ತು ಮಾಡಾಕ ಐದು ದಿವಸ ಕುಂತಾರರೀ, ಇನ್ನೂ ಗೊತ್ತಾಗಿಲ್ಲ ಅಂದೆ."

ನಾಲ್ಕನೇ ದಿನದ ಧ್ವನಿ ನನ್ನ ಪಾಲಿಗೆ ಬಂತು. ಸಹಾರಾ ಮರುಭೂಮಿಯ ದಕ್ಷಿಣದಂಚಿನ ಒಂದು ಬಡ ದೇಶದ ಪ್ರತಿನಿಧಿ ಅದರಲ್ಲಿ ಮಾತಾಡಿದ್ದರು. ಫ್ರೆಂಚ್ ಎಳೆತದ ಇಂಗ್ಲಿಷು. ಅವರ ಮೈಕು ಕೆಟ್ಟಿತ್ತು. ಮೇಲೊಂದು ಗರಗರ ಸದ್ದು, ಪಕ್ಕದಲ್ಲಿ ಯಾರದೋ ಕೆಮ್ಮು. ಮೊದಲ ವಾಕ್ಯ ನನಗೆ 'ವಿ ಡು ನೌ ಅಗ್ರೀ' ಎಂದು ಕೇಳಿಸಿತು. ನಾವೀಗ ಒಪ್ಪುತ್ತೇವೆ ಎಂದು. ಅದರ ಮುಂದಿನ ಮೂರು ನಿಮಿಷ ಐವತ್ತು ಸೆಕೆಂಡಿಗೆ 'ಕೇಳಿಸುತ್ತಿಲ್ಲ' ಎಂದು ಗುರುತು ಹಾಕಿದೆ. ನಡುವೆ ಒಂದು ಕಡೆ 'ಮಿಲಿಟರಿ' ಎಂಬಂತೆ ಕೇಳಿಸಿದ್ದನ್ನು ಅನುಮಾನದ ಗುರುತಿನೊಡನೆ ಬರೆದೆ. ಅವರು ಮುಗಿಸಿದ ಮೇಲೆ ಸಭೆಯ ಅಧ್ಯಕ್ಷರು ಸ್ಪಷ್ಟವಾಗಿ, ಧನ್ಯವಾದ, ಪ್ರಯೋಗಕ್ಕೆ ಯಾರ ಆಕ್ಷೇಪವೂ ಕಾಣುತ್ತಿಲ್ಲ ಎಂದಿದ್ದರು.

ಬುಧವಾರ ಮಧ್ಯಾಹ್ನ ಅಕ್ಕ ನನ್ನನ್ನು ಕರೆದರು. ಹೆಡ್‌ಫೋನು ಕೊರಳಿಗೆ ಇಳಿಸಿದ್ದರು.

"ವಿಜಯಶ್ರೀ, ಈ ಮನಷ್ಯಾ ಒಪ್ಪೀನಿ ಅಂದಾನಂತ ಬರದೀಯಲ್ಲ. ಒಪ್ಪಿದಂವ ಮತ್ತ ನಾಕು ನಿಮಿಷ ಯಾಕ ಮಾತಾಡ್ತಾನ?"

ನಾನು ಬಗ್ಗಿ ಪರದೆಯ ಮೇಲಿನ ನನ್ನ ಸಾಲನ್ನು ಮತ್ತೆ ಓದಿದೆ.

"ಹದಿನೇಳು ವರ್ಷ ಮಂದಿ ಮಾತು ಕೇಳೀನಿ. ಹೂಂ ಅನ್ನಾವ್ರು ಹೂಂ ಅಂದು ಫೋನ್ ಇಡ್ತಾರ. ಒಲ್ಲೆ ಅನ್ನಾವ್ರಿಗೇ ಭಾಳ ಹೊತ್ತು ಬೇಕಾಗ್ತದ."

ಅಂದಿನಿಂದ ಎರಡು ದಿನ ಅವರು ಆ ಮೂರು ನಿಮಿಷ ಐವತ್ತು ಸೆಕೆಂಡಿನ ಹಿಂದೆ ಬಿದ್ದರು. ತಮ್ಮ ಪಾಲಿನ ಕೆಲಸ ಮುಗಿಸಿ, ಊಟದ ಹೊತ್ತಿನಲ್ಲಿ, ಸಂಜೆ ಎಲ್ಲರೂ ಎದ್ದ ಮೇಲೆ. ಒಟ್ಟು ಹನ್ನೊಂದು ಗಂಟೆ ಕೇಳಿದರು. ವೇಗ ಇಳಿಸಿ, ಏರಿಸಿ, ಒಂದೇ ಕಿವಿಗೆ ಹಾಕಿ. ಒಮ್ಮೆ ಬಲಗಿವಿಯ ಹೆಡ್‌ಫೋನಿಗೆ ಸೆರಗು ಮಡಚಿ ಇಟ್ಟುಕೊಂಡು ಕೇಳುತ್ತಿದ್ದರು. ಹಾಗೆ ಮಾಡಿದರೆ ಗರಗರ ಹಿಂದೆ ಸರಿದು ಮನುಷ್ಯನ ದನಿ ಮುಂದೆ ಬರುತ್ತದೆ ಎಂದರು. ನಾನೂ ಮಾಡಿ ನೋಡಿದೆ. ನನಗೆ ಗರಗರವೇ ಕೇಳಿಸಿತು.

ನಾನು ಮಿಲಿಟರಿ ಎಂದು ಬರೆದದ್ದು ಮಿಲ್ಲೆಟ್ ಎಂದು ಅವರು ಕಂಡುಹಿಡಿದರು. ಹಿಂದಿನ ವರ್ಷ ಒಂದು ಕೃಷಿ ಸಭೆಯ ಕೆಲಸ ಮಾಡುವಾಗ ಆ ಪದ ಅವರ ಕಿವಿಗೆ ಬಿದ್ದಿತ್ತಂತೆ. "ಸಜ್ಜಿ, ನವಣಿ ಅಂತೀವಲ್ಲ, ಅದು. ಸಜ್ಜಿ ಬಿತ್ತೂದರ ಬಗ್ಗೆ ಹೇಳಾಕತ್ತಾನ ಈ ಮನಷ್ಯಾ. ಇದರಾಗ ಮಿಲಿಟರಿ ಎಲ್ಲಿಂದ ಬರಬೇಕು?" ಆ ಒಂದು ಪದ ಸಿಕ್ಕಮೇಲೆ ಅದರ ಅಕ್ಕಪಕ್ಕದ ಮಾತುಗಳು ಒಂದೊಂದಾಗಿ ಬಿಡಿಸಿಕೊಂಡವು.

ಶುಕ್ರವಾರ ಬೆಳಿಗ್ಗೆ ಅವರು ಮುಂದಿಟ್ಟ ಹಾಳೆಯಲ್ಲಿ ಆ ಪ್ರತಿನಿಧಿಯ ಮಾತು ಹೆಚ್ಚುಕಡಿಮೆ ಪೂರ್ತಿ ಇತ್ತು. ನಿಮ್ಮ ಲೆಕ್ಕದಲ್ಲಿ ಜಗತ್ತಿನ ಸರಾಸರಿ ತಂಪಾಗುತ್ತದೆ. ನನ್ನ ದೇಶ ಸರಾಸರಿಯಲ್ಲಿ ಬದುಕುವುದಿಲ್ಲ. ಮೊದಲ ಮಳೆಗೆ ನಾವು ಸಜ್ಜೆ ಬಿತ್ತುತ್ತೇವೆ. ಆ ಮಳೆ ಮೂರು ವಾರ ತಡವಾದರೂ ನಿಮ್ಮ ಹಾಳೆಯಲ್ಲಿ ಸರಾಸರಿ ಚೆನ್ನಾಗಿಯೇ ಇರುತ್ತದೆ. ನಮ್ಮ ತಲೆಯ ಮೇಲೆ ಪ್ರಯೋಗ ಮಾಡುವವರು ಮೊದಲು ನಮ್ಮನ್ನು ಕೇಳಲಿ. ಕೇಳಿದ ಮೇಲೆ, ಬೇಡ ಎಂದರೆ ಅದನ್ನೂ ಉತ್ತರವೆಂದು ತಿಳಿಯಲಿ.

ಏಳು ಕಡೆ 'ಕೇಳಿಸುತ್ತಿಲ್ಲ' ಎಂದು ಅಕ್ಕನೇ ಬರೆದಿದ್ದರು. ಒಂದೆರಡನ್ನು ಊಹಿಸುವುದು ಸುಲಭವಿತ್ತು. ಇದಂತೂ ಹೀಗೇ ಇರಬೇಕಲ್ಲ ಎಂದೆ. "ಇರಬೌದು. ನಾ ಕೇಳಿಲ್ಲ," ಎಂದರು.

ಮೊದಲ ವಾಕ್ಯದಲ್ಲಿ ನನ್ನ 'ನೌ' ಹೋಗಿ 'ನಾಟ್' ಬಂದಿತ್ತು. ವಿ ಡು ನಾಟ್ ಅಗ್ರೀ. ನಾವು ಒಪ್ಪುವುದಿಲ್ಲ.

ಮ್ಯಾನೇಜರ್ ವೈಭವ್ ಅವರ ಮನೆತನವೂ ಬೀದರ್ ಕಡೆಯದೇ, ಎರಡು ತಲೆಮಾರಿನಿಂದ ಹೈದರಾಬಾದಿನಲ್ಲಿ. ಕೆಟ್ಟವರಲ್ಲ. ಆದರೆ ಆ ವರ್ಷ ಅವರ ಮೇಲೆ ತುಂಬಾ ಒತ್ತಡವಿತ್ತು. ಅಕ್ಕ, ನಾನು ಅವರ ಕೋಣೆಗೆ ಒಯ್ದ ಹಾಳೆ ನೋಡಿ ತಲೆ ಹಿಡಿದುಕೊಂಡರು.

"ಮೇಡಂ, ಸಂಜಿಗೆ ಫೈಲ್ ಹೋಗಬೇಕು. ಯಾರದೂ ಆಕ್ಷೇಪ ಇಲ್ಲಂತ ಅಧ್ಯಕ್ಷರೇ ಅಂದಾರ. ಅದನ್ನ ತಿದ್ದಾಕ ನಾವು ಯಾರ್ರೀ?"

"ಅಧ್ಯಕ್ಷರು ಅಂದಿದ್ದು ಅಧ್ಯಕ್ಷರ ಸಾಲಿನಾಗ ಐತ್ರಿ ಸರ್. ಅದನ್ನ ನಾ ಮುಟ್ಟಿಲ್ಲ. ಈ ಮನಷ್ಯಾ ಅಂದಿದ್ದು ಇವನ ಸಾಲಿನಾಗ ಬರಬೇಕು."

"ನೀವು ತಪ್ಪು ಕೇಳಿದ್ರ? ಇಷ್ಟು ದೊಡ್ಡ ಕ್ಲೈಂಟ್ ಹೋಗ್ತಾನ್ರಿ. ಡೌಟ್ ಇದ್ರ ಕೇಳಿಸ್ತಿಲ್ಲಂತ ಹಾಕಿ ಬಿಡ್ರಿ, ಖತಂ."

ಪ್ರತಿ ಫೈಲಿನ ಕೊನೆಯಲ್ಲಿ ಒಂದು ಪುಟವಿರುತ್ತದೆ. ಕೇಳಿದ್ದನ್ನು ಕೇಳಿದಂತೆ ಬರೆದಿದ್ದೇವೆ ಎಂದು ತಿದ್ದಿದವರು ತಮ್ಮ ಹೆಸರು ಹಾಕಬೇಕು. ಅಕ್ಕ ಆ ಪುಟವನ್ನು ಮೆಲ್ಲಗೆ ಅವರ ಕಡೆ ಸರಿಸಿದರು. "ಹಂಗಾದ್ರ ಇದರ ಮ್ಯಾಲೆ ನನ್ನ ಹೆಸರು ಬ್ಯಾಡ್ರಿ. ನಿಮ್ದು ಹಾಕ್ರಿ."

ವೈಭವ್ ಅವರ ಮುಖ ಕೆಂಪಾಯಿತು. ಕೆಲಸ ಹೋಗುವ ಕಾಲದಲ್ಲಿ ಹೀಗೆ ಮಾತಾಡುತ್ತಾರಲ್ಲ ಎಂದುಕೊಂಡೆ. ಅಕ್ಕನ ದನಿ ಮಾತ್ರ ಏರಲಿಲ್ಲ.

"ನನ್ನ ಕಿವಿ ಮ್ಯಾಲೆ ನಂಬಿಕಿ ಬ್ಯಾಡ್ರಿ ಸರ್. ಗೊತ್ತಿಲ್ಲದವರ ಕಡಿಂದ ಕೇಳಸ್ರಿ. ನಾ ಏನೂ ಹೇಳಂಗಿಲ್ಲ."

ವೈಭವ್ ಒಪ್ಪಿದರು. ಈ ಸಭೆಯ ಕೆಲಸ ಮಾಡದಿದ್ದ ಮೂವರನ್ನು ಬೇರೆ ಸಾಲಿನಿಂದ ಕರೆಸಿದರು. ಅಧ್ಯಕ್ಷರ ಮಾತು ಕೇಳಿಸದೆ ಆ ಒಂದು ವಾಕ್ಯ ಮಾತ್ರ ಕೇಳಿಸಿ, ಚೀಟಿಯಲ್ಲಿ ಬರೆಯಲು ಹೇಳಿದರು. ಇಬ್ಬರು 'ನಾಟ್' ಎಂದು ಬರೆದರು, ಒಬ್ಬಳು 'ನೌ' ಎಂದು. ವೈಭವ್ ಚೀಟಿ ಹಿಡಿದು ಏನೂ ತೀರ್ಮಾನಿಸಲಾರದೆ ನಿಂತರು. ಅಷ್ಟರಲ್ಲಿ ಚಹಾ ತಂದ ಸಾಬಮ್ಮನನ್ನು ಅಕ್ಕ ನೋಡಿದರು.

ಸಾಬಮ್ಮ ಯಾದಗಿರಿ ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದು, ನಾವು ಕೂತಿದ್ದ ಆ ಕಟ್ಟಡಕ್ಕೇ ಇಟ್ಟಿಗೆ ಹೊತ್ತು, ಆಮೇಲೆ ಅಲ್ಲೇ ಕಸ ಗುಡಿಸಿ ಚಹಾ ಕೊಡುವ ಕೆಲಸ ಹಿಡಿದಿದ್ದಳು. ಇಂಗ್ಲಿಷಿನ ಒಂದಕ್ಷರ ಗೊತ್ತಿಲ್ಲ.

"ಈಕಿಗೆ ಕೇಳಸ್ರಿ ಸರ್. ಅರ್ಥ ಗೊತ್ತಿದ್ದವ್ರಿಗೆ ತಮಗ ಬೇಕಾದ್ದು ಕೇಳಸ್ತದ."

"ನಂಗ್ಯಾಕ್ರಿ ಅಕ್ಕೋರ? ನಂಗೇನ್ ತಿಳೀತದ?" ಸಾಬಮ್ಮ ತಟ್ಟೆ ಹಿಡಿದು ಹಿಂದೆ ಸರಿದಳು.

"ತಿಳಕೊಳ್ಳೂದು ಬ್ಯಾಡವ್ವ. ಗಿಣಿ ಹಂಗ, ಅದು ಅಂದಿದ್ದನ್ನ ಅಂದು ತೋರಿಸು, ಸಾಕು."

ವೈಭವ್ ತಾವೇ ಎದ್ದು ಅವಳನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ ಹೆಡ್‌ಫೋನು ಹಾಕಿದರು. ಮೊದಲ ಸಲ ಅವಳು ನಕ್ಕಳು. ಎರಡನೇ ಸಲ ಹುಬ್ಬು ಗಂಟಿಕ್ಕಿತು. ಮೂರನೇ ಸಲ ತುಟಿ ಆಡಿಸಿದಳು. ನಾಲ್ಕನೇ ಸಲ ಗಟ್ಟಿಯಾಗಿ ಅಂದಳು: "ವಿಡುನಾಟಗ್ರಿ."

"ಇನ್ನೊಮ್ಮೆ ಅನ್ನು."

"ವಿಡು ನಾಟಗ್ರಿ. ನಡುವ ಟಕಾರ ಐತ್ರಿ. ಸಣ್ಣದ ಐತಿ, ಖರೆ ಐತಿ."

ನಾನು ಮತ್ತೆ ಕೇಳಿದೆ. ಆ ಟಕಾರ ಮುಂದಿನ ಪದಕ್ಕೆ ಅಂಟಿಕೊಂಡಿತ್ತು. ನಾನು ಅದನ್ನು ಹಿಂದಿನ ಪದದ ಕೊನೆಯಲ್ಲಿ ಹುಡುಕಿ, ಸಿಗದೆ, ಇಲ್ಲ ಎಂದುಕೊಂಡಿದ್ದೆ.

"ಮೊದ್ಲು ಟೈಪ್ ಮಾಡಿದ್ದು ಯಾರು?" ವೈಭವ್ ಕೇಳಿದರು.

ಕೋಣೆಯಲ್ಲಿದ್ದವರಿಗೆ ಅದು ಗೊತ್ತಿರಲಿಲ್ಲ, ಅಕ್ಕ ನನ್ನ ಹೆಸರು ಎತ್ತಿರಲಿಲ್ಲ. ನಾನೇ ಮಾಡಿದ್ದೆ ಎಂದೆ. ಸಾಲು ಅಸ್ಪಷ್ಟವಿದ್ದಾಗ ಮುಂದಕ್ಕೆ ಓಡಿಸಿ ಅಧ್ಯಕ್ಷರ ಮಾತು ಮೊದಲು ಕೇಳಿಬಿಟ್ಟೆ. ಯಾರ ಆಕ್ಷೇಪವೂ ಇಲ್ಲ ಎಂದು ಅವರು ಅಂದದ್ದಕ್ಕೆ ಹೊಂದುವಂತೆ ಇವರ ಮಾತನ್ನು ಬರೆದೆ ಎಂದೂ ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಅಕ್ಕ ನನ್ನ ಕಡೆ ತಿರುಗಿದರು. "ಕಿವಿ ಕೆಟ್ಟಿಲ್ಲ ನಿಂದು. ಒಪ್ಕೊಂಡಿ ನೋಡು, ಅದು ಭಾಳ ಚಲೋ ಆತು."

ಆ ಸಂಜೆ ವೈಭವ್ ಫೈಲಿನ ಜೊತೆ ತಾವೇ ಒಂದು ಟಿಪ್ಪಣಿ ಬರೆದು ಕಳಿಸಿದರು. ಈ ಭಾಗದಲ್ಲಿ ಮಾತು ಅಸ್ಪಷ್ಟವಿದೆ, ನಮಗೆ ಕೇಳಿಸಿದ್ದು ಹೀಗೆ, ಅಧ್ಯಕ್ಷರು ಕೊನೆಗೆ ಅಂದದ್ದರೊಡನೆ ಇದು ಹೊಂದುತ್ತಿಲ್ಲ, ದಯವಿಟ್ಟು ಬೇರೆ ಧ್ವನಿಮುದ್ರಣವಿದ್ದರೆ ಹೋಲಿಸಿ ನೋಡಿ ಎಂದು. ಕೊನೆಯ ಪುಟದಲ್ಲಿ ಅಕ್ಕ ಹೆಸರು ಹಾಕಿದರು. ಅದರ ಕೆಳಗೆ ವೈಭವ್ ಕೂಡ ಹಾಕಿದರು, ಅವರು ಹಾಕಬೇಕಾದ ಅಗತ್ಯವಿರಲಿಲ್ಲ.

ಹನ್ನೆರಡು ದಿನ ಉತ್ತರವಿಲ್ಲ. ಮುಂದಿನ ವಾರ ಬರಬೇಕಿದ್ದ ಹೊಸ ಕೆಲಸವೂ ಬರಲಿಲ್ಲ. ಊಟದ ಕೋಣೆಯಲ್ಲಿ ಒಬ್ಬ ಹುಡುಗಿ ಅಕ್ಕನಿಗೆ ಕೇಳಿಸುವಂತೆಯೇ, ಯಾವುದೋ ದೇಶದ ಮಳೆಗೆ ನಮ್ಮ ಹೊಟ್ಟೆಗೆ ಹೊಡೆದರು ಎಂದಳು. ಅಕ್ಕ ಜೋಳದ ರೊಟ್ಟಿ ಮುರಿದು ಪುಂಡಿಪಲ್ಲೆ ಹಚ್ಚಿಕೊಂಡು ಊಟ ಮುಗಿಸಿದರು. ಆದರೆ ಅಂದು ಆಟೊದಲ್ಲಿ ನನ್ನ ಪಕ್ಕ ಕೂತಾಗ ಮೊದಲ ಸಲ ಅವರ ಅಂಜಿಕೆ ಕಂಡೆ.

"ವಿಜಿ, ಮಂದಿ ಕೆಲಸ ಹೋದ್ರ ನನ್ನ ಮ್ಯಾಲೆ ಬರ್ತದಲ್ಲ," ಎಂದರು. ಆಟೊ ಇಳಿಯುವಾಗ ತಾವೇ, "ಆದ್ರ ಆ ಮನಷ್ಯಾ ಒಪ್ಪೀನಿ ಅಂದಿಲ್ಲಲ್ಲ," ಎಂದರು.

ಉತ್ತರ ಬಂದದ್ದು ಹದಿಮೂರನೇ ದಿನ. ವೈಭವ್ ಎಲ್ಲರನ್ನೂ ಕರೆದು ಓದಿದರು. ಸಭೆಯಲ್ಲಿ ದುಭಾಷಿಗಳು ಫ್ರೆಂಚಿಗೆ ಅನುವಾದಿಸಿ ಹೇಳಿದ ಮಾತು ಬೇರೆಯಾಗಿ ಧ್ವನಿಮುದ್ರಣವಾಗಿತ್ತು. ಅದರೊಡನೆ ಹೋಲಿಸಿದರೆ ನಮ್ಮ ಬರಹ ಸರಿ ಇತ್ತು. ಇನ್ನೂ ಒಂದು ಸಂಗತಿ ತಿಳಿಯಿತು: ಸಭೆ ನಡೆಸಿದವರು ಹೊರಡಿಸಿದ ಸಾರಾಂಶದಲ್ಲಿ ತಮ್ಮ ಆಕ್ಷೇಪ ಬಿಟ್ಟುಹೋಗಿದೆ ಎಂದು ಆ ದೇಶದವರು ಮೊದಲೇ ಕಾಗದ ಬರೆದಿದ್ದರು. ದಾಖಲೆ ಬರಲಿ, ನೋಡೋಣ ಎಂದು ಅವರಿಗೆ ಉತ್ತರ ಹೋಗಿತ್ತು. ಅವರು ಕಾಯುತ್ತಿದ್ದ ದಾಖಲೆ ನಮ್ಮದೇ. ಈಗ ಸಾರಾಂಶ ತಿದ್ದಲಾಗಿತ್ತು. ಒಂದು ದೇಶ ಒಪ್ಪಲಿಲ್ಲ ಎಂದು ಬರೆದದ್ದನ್ನು ನೋಡಿ ಇನ್ನೂ ನಾಲ್ಕು ದೇಶಗಳು ತಮ್ಮ ಹೆಸರನ್ನೂ ಸೇರಿಸಲು ಹೇಳಿದ್ದವು. ಪ್ರಯೋಗದ ಮಾತನ್ನು ಮುಂದಿನ ಸಭೆಗೆ ಇಡಲಾಗಿತ್ತು.

ಆ ಮುಂದಿನ ಸಭೆಯಲ್ಲಿ ಏನಾಯಿತು ಎಂಬುದು ನಮಗೆ ತಿಳಿಯಲಿಲ್ಲ, ಅದರ ಕೆಲಸ ಬೇರೆ ಯಾರಿಗೋ ಹೋಯಿತು. ಆಕಾಶಕ್ಕೆ ಕೈ ಹಾಕಬೇಕೋ ಬೇಡವೋ ಎಂದು ಹೇಳುವಷ್ಟು ನಾನು ತಿಳಿದವಳಲ್ಲ. ಮುಳುಗುವ ದ್ವೀಪದವರ ನಡುಗುವ ದನಿಯೂ ನನ್ನ ಕಿವಿಯಲ್ಲಿದೆ. ಅಕ್ಕನನ್ನೂ ಒಮ್ಮೆ ಕೇಳಿದ್ದೆ. "ಅದು ನಂಗ ಗೊತ್ತಿಲ್ಲ. ಬ್ಯಾಡ ಅಂದಂವಂದು ಬ್ಯಾಡ ಅಂತ ಬರೀಬೇಕು, ಬೇಕು ಅಂದಂವಂದು ಬೇಕು ಅಂತ. ಮುಂದ ಹಿರ್ಯಾರು ಕುಂತು ನೋಡ್ಕೋತಾರ," ಎಂದರು.

ಪತ್ರ ಓದಿ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಸಾಬಮ್ಮನನ್ನು ಅಡುಗೆ ಕೋಣೆಯಿಂದ ಕರೆತಂದು ತಮ್ಮ ಪಕ್ಕ ನಿಲ್ಲಿಸಿಕೊಂಡರು. ಅವಳಿಗೆ ಪೂರ್ತಿ ಸಂಗತಿ ಹೇಳಿದ್ದು ಆಗಲೇ. ಸಾಬಮ್ಮ ಬಾಯಿ ಮೇಲೆ ಸೆರಗಿಟ್ಟುಕೊಂಡು, "ಅವ್ರ ಕಡೀನೂ ಸಜ್ಜಿ ಬಿತ್ತಾರೇನ್ರಿ?" ಎಂದಳು.

ಅಕ್ಕನಿಗೆ ಬಡ್ತಿ ಸಿಗಲಿಲ್ಲ. ಹೊಸ ಹುಡುಗಿಯರನ್ನು ಅಳಿಸುವುದೂ ನಿಲ್ಲಲಿಲ್ಲ. ಎರಡು ವರ್ಷದ ಮೇಲೆ ಕಂಪನಿ ಮುಚ್ಚಿತು, ನಾವೆಲ್ಲ ದಿಕ್ಕಿಗೊಬ್ಬರಾದೆವು. ಅವರು ಒಂದು ಆಂಬುಲೆನ್ಸ್ ಸಹಾಯವಾಣಿ ಸೇರಿ, ಕರೆ ತೆಗೆದುಕೊಳ್ಳುವವರಿಗೆ ತರಬೇತಿ ಕೊಡತೊಡಗಿದರು. ಗಾಬರಿಯಲ್ಲಿ ಕೂಗುವವರ, ಅಳುವವರ, ತೆಲುಗು ಉರ್ದು ಕನ್ನಡ ಕಲಸಿ ಮಾತಾಡುವವರ ಬಾಯಿಂದ ಊರಿನ ಹೆಸರು ಹಿಡಿಯುವ ಕೆಲಸ.

ಒಮ್ಮೆ ಅವರನ್ನು ನೋಡಲು ಹೋಗಿದ್ದೆ. ಗಾಜಿನ ಆಚೆ ಒಬ್ಬ ಹುಡುಗಿಯ ಪಕ್ಕ ಕೂತು ಅದೇ ಕರೆಯನ್ನು ತಾವೂ ಕೇಳುತ್ತಿದ್ದರು. ಹುಡುಗಿ ಕೈ ಚೆಲ್ಲಿ ಇವರ ಮುಖ ನೋಡಿದಳು. ಅಕ್ಕ ಕಣ್ಣು ಮುಚ್ಚಿಕೊಂಡು ಒಂದು ಬೆರಳೆತ್ತಿ, ತಡಿ ಎಂದು ಸನ್ನೆ ಮಾಡಿದರು. ಆಮೇಲೆ ಕಾಗದದ ಮೇಲೆ ಒಂದು ಊರಿನ ಹೆಸರು ಬರೆದು ಅವಳ ಮುಂದೆ ಸರಿಸಿದರು. ಹುಡುಗಿ ಆ ಹೆಸರನ್ನು ಫೋನಿನಲ್ಲಿ ಹೇಳಿದಳು. ಆ ಕಡೆಯಿಂದ ಹೌದು ಎಂದರೆಂದು ಅವಳ ಮುಖ ನೋಡಿಯೇ ನನಗೆ ತಿಳಿಯಿತು.